ಪುಟ್ಟಿ ಕೆರೆದ ಸ್ಲೈಡು

"ನನ್ನದನ್ನ ಪುಟ್ಟೀನೇ ನೋಡ್ಲಿ" ಎಂದರು ಅತ್ತೆ. ಅದೂ ನನ್ನೆದುರಿಗೇ, ನಾನು ಅವರ ದಿಂಬಿಗೆ ಹೊಸ ಕವರು ಹಾಕುತ್ತಿದ್ದಾಗ.

ನನ್ನದು ಎಂದರೆ ಅವರ ಕರುಳಿನ ಗಡ್ಡೆ. ಆಪರೇಷನ್ ಮಾಡಿ ಅದನ್ನು ತೆಗೆದಾಗಿತ್ತು, ಆದರೆ ಅಷ್ಟರಲ್ಲಾಗಲೇ ಅದರ ಮರಿಗಳು ಯಕೃತ್ತಿಗೆ ಹೋಗಿ ಕೂತಿದ್ದವು. ಯಾವ ಔಷಧಿ ಕೊಡಬೇಕೆಂದು ತೀರ್ಮಾನಿಸಲು ಗಡ್ಡೆಯ ಜೀನ್ ಪರೀಕ್ಷೆ ಆಗಬೇಕಿತ್ತು. ಅದು ಆಗುವುದು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಪುಟ್ಟಿಯ ಕೆಲಸವೂ ಅಲ್ಲೇ.

ಪುಟ್ಟಿ ಎಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮೂವತ್ತು ದಾಟಿದ, ಕನ್ನಡಕ ಹಾಕುವ, ನನಗಿಂತ ಒಂದು ಗೇಣು ಎತ್ತರವಿರುವ ಹೆಂಗಸಿಗೆ ಪುಟ್ಟಿ ಎಂದು ಹೆಸರಿಟ್ಟವರು ಅತ್ತೆ. ಈಗ ಮನೆಮಂದಿಗೆಲ್ಲ ಅವಳು ಪುಟ್ಟಿ. ನಾನು ಮಾತ್ರ ಈ ಮನೆಗೆ ಕಾಲಿಟ್ಟ ದಿನದಿಂದಲೂ 'ದೊಡ್ಡವಳು'. ಆಗ ನನಗೆ ಇಪ್ಪತ್ತೆರಡು ವರ್ಷ. ಚಿಕ್ಕವಳಾಗಿರಲು ನನಗೆ ಯಾರೂ ಪುರುಸೊತ್ತೇ ಕೊಡಲಿಲ್ಲ.

"ಅವಳೂ ಸೊಸೆ, ನಾನೂ ಸೊಸೆ" ಎಂದೆ. "ಮನೆಯವರ ಸ್ಯಾಂಪಲ್ಲನ್ನ ಮನೆಯವರು ಮುಟ್ಟಬಾರದು ಅಂತ ನಮ್ಮಲ್ಲಿ ನಿಯಮ ಇದೆ ಅತ್ತೆ."

"ಆ ಮೆಶೀನು ನಡೆಸೋಕೆ ಅವಳನ್ನ ಬಿಟ್ರೆ ಬೇರೆ ಯಾರಿಗೆ ಬರತ್ತೆ? ನಿಮ್ಮ ದೊಡ್ಡ ಡಾಕ್ಟರನ್ನ ಕೇಳಿದೀನಿ. ಒಪ್ಪಿದಾರೆ."

"ಸರಿ, ಹಾಗಾದ್ರೆ ಪದರ ನಾನು ಕತ್ತರಿಸಿಕೊಡ್ತೀನಿ."

"ಅದನ್ನ ಬೇರೆ ಯಾರಾದ್ರೂ ಮಾಡ್ಲಿ. ನೀನು ಬೇಡ."

ನಾನು ದಿಂಬನ್ನು ಗುದ್ದಿ ಗುದ್ದಿ ಸರಿಮಾಡಿ, ಅವರ ತಲೆಯ ಹಿಂದೆ ಇಟ್ಟು ಹೊರಗೆ ಬಂದೆ. ಆ ದಿಂಬು ಅಷ್ಟು ಮೆತ್ತಗೆ ಹಿಂದೆಂದೂ ಇದ್ದಿರಲಿಕ್ಕಿಲ್ಲ.

ಪದರ ಕತ್ತರಿಸುವುದರಲ್ಲಿ ನನ್ನದು ಎತ್ತಿದ ಕೈ. ಇದು ಜಂಬವಲ್ಲ, ಆಸ್ಪತ್ರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದೇಹದಿಂದ ತೆಗೆದ ತುಂಡನ್ನು ಮೇಣದಲ್ಲಿ ಹುದುಗಿಸಿ ಗಟ್ಟಿಮಾಡುತ್ತೇವೆ. ಆ ಮೇಣದ ಗಟ್ಟಿಯಿಂದ ಕೂದಲಿಗಿಂತ ತೆಳ್ಳಗಿನ ಪದರಗಳನ್ನು ಹೆರೆದು, ಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟು, ಒಂದೊಂದನ್ನೂ ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳಬೇಕು. ಒಂದು ಸ್ಲೈಡಿಗೆ ಬಣ್ಣ ಹಾಕುತ್ತೇವೆ. ದೊಡ್ಡ ಡಾಕ್ಟರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಎಲ್ಲಿದೆಯೋ ಅಲ್ಲಿಗೆ ಪೆನ್ನಿನಿಂದ ಒಂದು ಸುತ್ತು ಹಾಕುತ್ತಾರೆ. ಉಳಿದ ಸ್ಲೈಡುಗಳು ಬಣ್ಣವಿಲ್ಲದೆ ಬಿಳುಚಿಕೊಂಡೇ ಜೀನ್ ಕೋಣೆಗೆ ಹೋಗುತ್ತವೆ. ಅಲ್ಲಿ ಪುಟ್ಟಿ ಬಣ್ಣದ ಸ್ಲೈಡಿನ ಮೇಲೆ ಬಿಳಿಯದನ್ನು ಇಟ್ಟು, ಸುತ್ತಿನೊಳಗೆ ಬರುವಷ್ಟನ್ನು ಮಾತ್ರ ಬ್ಲೇಡಿನಿಂದ ಕೆರೆದುಕೊಳ್ಳುತ್ತಾಳೆ. ಮುಂದಿನದೆಲ್ಲ ಮೆಶೀನಿನ ಕೆಲಸ.

ಆ ಕೆರೆಯುವುದನ್ನು ಅವಳಿಗೆ ಕಲಿಸಿದವಳು ನಾನು. ಅವಳು ತರಬೇತಿಗೆ ಬಂದಾಗ ಬ್ಲೇಡು ಹಿಡಿದರೆ ಕೈ ಗಡಗಡ ನಡುಗುತ್ತಿತ್ತು. "ಲೇಬಲ್ ನೋಡಿ ಹೊಂದಿಸಬೇಡ, ತುಂಡಿನ ಆಕಾರ ನೋಡಿ ಹೊಂದಿಸು" ಎಂದು ದಿನಾ ಬಡಿದುಕೊಳ್ಳುತ್ತಿದ್ದೆ. ಒಳ್ಳೆಯ ಹುಡುಗಿ, ನಗುಮುಖದವಳು, ಮೈದುನನಿಗೆ ಚೆನ್ನಾಗಿ ಹೊಂದುತ್ತಾಳೆ ಎಂದು ಈ ಸಂಬಂಧ ಕುದುರಿಸಿದವಳೂ ನಾನೇ. ಕೈಯಾರೆ ತಂದುಕೊಂಡದ್ದು. ಯಾರ ಹತ್ತಿರ ದೂರಲಿ?

ಅತ್ತೆಯ ಬಗ್ಗೆಯೂ ಹೇಳಬೇಕು. ಅವರು ಕೆಲಸದಿಂದ ನಿವೃತ್ತರಾಗುವವರೆಗೂ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಈಗಲೂ ಕಿವಿಯ ಹಿಂದೆ ಒಂದು ಕೆಂಪು ಪೆನ್ಸಿಲ್ ಇರುತ್ತದೆ. ಔಷಧಿಯ ಡಬ್ಬಿಯೊಳಗಿನ ಚೀಟಿಯನ್ನೂ ಬಿಡುವುದಿಲ್ಲ, ಎರಡು ಕಡೆ ಗುರುತು ಹಾಕಿಯೇ ಮಾತ್ರೆ ನುಂಗುತ್ತಾರೆ. ನಾನು ಮಾಡಿದ್ದರಲ್ಲಿ ಅವರು ಯಾವತ್ತೂ ತಪ್ಪು ಹಿಡಿದಿಲ್ಲ. ಹಾಗೆಂದು ಹೊಗಳಿದ್ದೂ ಇಲ್ಲ. ಪುಟ್ಟಿ ಮಾಡಿದ್ದರಲ್ಲಿ ದಿನಾ ತಪ್ಪು ಹಿಡಿದು, ದಿನಾ ಮುದ್ದು ಮಾಡುತ್ತಾರೆ.

ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಪುಟ್ಟಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಸೀದಾ ಅತ್ತೆಯ ಮಂಚದ ಮೇಲೆ ಕೂತಳು. ನಾನು ಟೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ.

"ಅತ್ತೆ, ಜೀವಕೋಶದ ಮೈಮೇಲೆ ಕಿವಿ ಇದೆ ಅಂದ್ಕೊಳ್ಳಿ. ಹೊರಗಿಂದ 'ಬೆಳಿ' ಅಂತ ಕೂಗಿದ್ರೆ ಆ ಕಿವಿಗೆ ಕೇಳತ್ತೆ. ಕೇಳಿದ್ದನ್ನ ಒಳಗಡೆ ಒಬ್ಬ ಆಳು ಓಡಿಹೋಗಿ ಮುಟ್ಟಿಸ್ತಾನೆ. ಅವನು ಹೇಳಿದ ಮೇಲೇನೇ ಬೆಳೆಯೋ ಜೀನ್‌ಗಳನ್ನ ತೆಗೆದು ಓದೋಕೆ ಶುರು ಮಾಡೋದು."

"ಅಂದ್ರೆ ಪುಸ್ತಕ ಒಳಗೇ ಇದೆ. ಯಾವ ಪುಟ ಓದಬೇಕು ಅಂತ ಹೊರಗಿಂದ ಸುದ್ದಿ ಬರತ್ತೆ" ಎಂದರು ಅತ್ತೆ.

"ಅಯ್ಯೋ, ಎಷ್ಟು ಚೆನ್ನಾಗಿ ಹೇಳಿದ್ರಿ ಅತ್ತೆ!"

ಈ ಪುಸ್ತಕದ ಮಾತನ್ನು ಅತ್ತೆಗೆ ಹೇಳಿದ್ದು ನಾನು. ಪುಟ್ಟಿ ಈ ಮನೆಗೆ ಬರುವುದಕ್ಕೂ ಮುಂಚೆ, ಇದೇ ಮಂಚದ ಮೇಲೆ ಕೂತು ಹೇಳಿದ್ದೆ. ಈಗ ಮಾತು ಅತ್ತೆಯದಾಯಿತು, ಮೆಚ್ಚುಗೆ ಪುಟ್ಟಿಯದಾಯಿತು, ನನ್ನ ಪಾಲಿಗೆ ಟೀ ತಟ್ಟೆ ಉಳಿಯಿತು.

"ಕರುಳಿನ ಕ್ಯಾನ್ಸರ್‌ಗೆ ಒಂದು ಔಷಧಿ ಇದೆ, ಆ ಕಿವೀನ ಮುಚ್ಚಿಬಿಡತ್ತೆ. ಆದ್ರೆ ಒಳಗಿನ ಆಳೇ ಕೆಟ್ಟಿದ್ರೆ, ಯಾರೂ ಏನೂ ಹೇಳದೇ ಇದ್ರೂ 'ಬೆಳಿ ಬೆಳಿ' ಅಂತ ಅವನೇ ಬಡ್ಕೋತಿದ್ರೆ, ಕಿವಿ ಮುಚ್ಚಿ ಏನು ಪ್ರಯೋಜನ? ಆ ಔಷಧಿಗೆ ಮೈಯೆಲ್ಲ ಗುಳ್ಳೆ ಏಳೋದೊಂದೇ ಬಾಕಿ. ನಿಮ್ಮ ಗಡ್ಡೇಲಿ ಆಳು ಸರಿಯಾಗಿದ್ದಾನೆ ಅತ್ತೆ! ಒಂದು ಅಕ್ಷರಾನೂ ತಪ್ಪಿಲ್ಲ. ಬೆಳೆಯೋ ಜೀನ್‌ಗಳೂ ಜಾಸ್ತಿ ಗಲಾಟೆ ಮಾಡ್ತಿಲ್ಲ, ಲೋಳೆ ಮಾಡೋ ಜೀನ್‌ಗಳದ್ದೇ ಜೋರು. ಸೋಮವಾರದಿಂದ ಆ ಔಷಧಿ ಶುರು ಮಾಡ್ತಾರಂತೆ."

ಅತ್ತೆ ಎರಡೂ ಕೈ ಚಾಚಿ ಪುಟ್ಟಿಯ ಮುಖವನ್ನು ಬೊಗಸೆಯಲ್ಲಿ ಹಿಡಿದುಕೊಂಡರು.

ಇಷ್ಟು ವರ್ಷದಲ್ಲಿ ಆ ಕೈಗಳು ನನ್ನ ಮುಖದ ಹತ್ತಿರಕ್ಕೂ ಬಂದಿಲ್ಲ. ಆಪರೇಷನ್ನಿನ ನಂತರ ಅವರ ಹೊಟ್ಟೆಯ ಪಟ್ಟಿ ಬದಲಿಸಿದವಳು ನಾನು, ಬಟ್ಟೆ ಒಗೆದವಳು ನಾನು, ಹೊಟ್ಟೆಗೆ ಕಟ್ಟಿದ್ದ ಮಲದ ಚೀಲ ಖಾಲಿ ಮಾಡಿದವಳು ನಾನು. ಬೊಗಸೆ ಅವಳಿಗೆ. ನನ್ನ ಮೈಯೆಲ್ಲ ಉರಿದುಹೋಯಿತು. ಟೀ ಕೊಟ್ಟು ಅಡುಗೆಮನೆಗೆ ಬಂದು, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯಲು ನಿಂತೆ.

ತೊಳೆಯುತ್ತಾ ತೊಳೆಯುತ್ತಾ ಒಂದು ಮಾತು ತಲೆಯಲ್ಲಿ ಸಿಕ್ಕಿಕೊಂಡಿತು. ಲೋಳೆ ಮಾಡೋ ಜೀನ್‌ಗಳದ್ದೇ ಜೋರು ಎಂದಳಲ್ಲ?

ಅತ್ತೆಯ ಬಣ್ಣದ ಸ್ಲೈಡನ್ನು ನಾನು ನೋಡಬಾರದಿತ್ತು. ನೋಡಿದ್ದೆ. ನೀನು ಬೇಡ ಎಂದಮೇಲೆ ನೋಡದೆ ಬಿಡಲು ನಾನೇನು ಸನ್ಯಾಸಿನಿಯೇ? ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಸಂತೆಯ ನೂಕುನುಗ್ಗಲು. ಕೋಶದ ಮೇಲೆ ಕೋಶ ಹತ್ತಿ ಕೂತಿತ್ತು, ಎಲ್ಲಿ ನೋಡಿದರೂ ಒಂದು ಎರಡಾಗುತ್ತಿತ್ತು. ಒಳ್ಳೆಯ ಕರುಳಿನ ಒಳಪದರ ಹಾಗಿರುವುದಿಲ್ಲ. ಅಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಗುಳಿಯ ತಳದಲ್ಲಿ 'ಬೆಳಿ' ಎಂಬ ಸುದ್ದಿ ಜೋರಾಗಿರುತ್ತದೆ, ಹೊಸ ಕೋಶಗಳು ಹುಟ್ಟುವುದು ಅಲ್ಲೇ. ಮೇಲೆ ಮೇಲೆ ಹತ್ತಿದಂತೆ ಆ ಕೂಗು ಕ್ಷೀಣವಾಗುತ್ತದೆ, ಬೆಳೆಯುವ ಪುಟಗಳು ಮುಚ್ಚಿಕೊಂಡು ಲೋಳೆ ಮಾಡುವ ಪುಟಗಳು ತೆರೆದುಕೊಳ್ಳುತ್ತವೆ. ಕೋಶಗಳು ಸ್ವಲ್ಪ ದಿನ ಮರ್ಯಾದೆಯಿಂದ ಕೆಲಸ ಮಾಡಿ ಉದುರಿಹೋಗುತ್ತವೆ. ಕ್ಯಾನ್ಸರ್ ಕೋಶಕ್ಕೆ ಆ ಮರ್ಯಾದೆ ಇಲ್ಲ. ಅದು ಬೆಳೆಯುವ ಪುಟವನ್ನು ಮುಚ್ಚುವುದೇ ಇಲ್ಲ.

ನಾನು ನೋಡಿದ ಆ ಸಂತೆಯಲ್ಲಿ ಬೆಳೆಯುವ ಜೀನ್‌ಗಳು ಸುಮ್ಮನೆ ಕೂತಿವೆಯೇ? ಒಂದಕ್ಷರವೂ ತಪ್ಪಿಲ್ಲವೇ? ಪುಟ್ಟಿ ಓದಿದ್ದು ಕ್ಯಾನ್ಸರಿನ ಮಾತಾಗಿರಲಿಲ್ಲ. ಆರೋಗ್ಯವಾಗಿರುವ ಕರುಳು ಹಾಗೆ ಮಾತಾಡುತ್ತದೆ.

ಇದನ್ನು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಪುಟ್ಟಿ ಏನು ಮಾಡಿದ್ರೂ ನಿನಗೆ ತಪ್ಪೇ ಕಾಣತ್ತೆ. ಮನೇಲಿ ಈಗ ತಾನೇ ಎಲ್ರೂ ಸ್ವಲ್ಪ ನಕ್ಕಿದಾರೆ, ಅದಕ್ಕೂ ಕಲ್ಲು ಹಾಕಬೇಡ" ಎಂದರು.

ಅವರು ಹೇಳಿದ್ದು ನಿಜವೇ. ಮಾರನೆಯ ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದಮೇಲೆ ನಾನು ಸ್ಲೈಡಿನ ಕಪಾಟು ತೆಗೆದದ್ದು ಅತ್ತೆಯ ಮೇಲಿನ ಚಿಂತೆಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಪುಟ್ಟಿ ಎಡವಿರಲಿ ಎಂದು ಬಯಸಿಯೇ ತೆಗೆದೆ. ಎಡವಿದ್ದು ನನ್ನ ಕೈಗೆ ಸಿಗಲಿ, ಅದನ್ನು ಎಲ್ಲರ ಮುಂದೆ ಎತ್ತಿ ತೋರಿಸುವಂತಾಗಲಿ ಎಂದು. ಆ ಬೊಗಸೆ ಕಣ್ಣಮುಂದಿನಿಂದ ಹೋಗಿರಲಿಲ್ಲ.

ಕೆರೆದ ಸ್ಲೈಡುಗಳನ್ನು ನಾವು ಎಸೆಯುವುದಿಲ್ಲ. ಅತ್ತೆಯ ಎರಡು ಸ್ಲೈಡು ತೆಗೆದು ದೀಪದ ಪೆಟ್ಟಿಗೆಯ ಮೇಲಿಟ್ಟೆ. ಕೆಳಗೆ ಬಣ್ಣದ್ದು, ಮೇಲೆ ಬಿಳಿಯದು, ಎರಡರ ಲೇಬಲ್ಲೂ ಒಂದೇ ಕಡೆಗೆ. ಪುಟ್ಟಿ ಕೆರೆದ ಖಾಲಿ ಜಾಗ ದೊಡ್ಡ ಡಾಕ್ಟರು ಹಾಕಿದ ಸುತ್ತಿನ ಮೇಲೆ ಅಳತೆ ಮಾಡಿ ಇಟ್ಟಂತೆ ಕೂತಿತು. ಒಂದೆಳೆ ಆಚೆ ಇಲ್ಲ, ಈಚೆ ಇಲ್ಲ. ನನಗೆ ಎಷ್ಟು ನಿರಾಸೆಯಾಯಿತೆಂದರೆ, ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತೆ.

ಆಗ ಬಿಳಿಯ ಸ್ಲೈಡಿನ ಅಂಚಿನಲ್ಲಿ ಸಣ್ಣದೊಂದು ಕಚ್ಚು ಕಂಡಿತು. ತುಂಡು ಹೆಚ್ಚುಕಡಿಮೆ ಕ್ಯಾಪ್ಸೂಲಿನ ಆಕಾರದ್ದು, ಆ ತುದಿ ಈ ತುದಿ ಒಂದೇ ತರಹ. ಒಂದು ತುದಿಯಲ್ಲಿ ಮಾತ್ರ ಇಲಿ ಕಡಿದಷ್ಟು ಕಚ್ಚು. ಬಿಳಿಯದರಲ್ಲಿ ಅದು ಲೇಬಲ್ಲಿನ ಕಡೆಗಿತ್ತು. ಬಣ್ಣದ್ದರಲ್ಲಿ ಹುಡುಕಿದೆ. ಅದರಲ್ಲಿ ಲೇಬಲ್ಲಿನಿಂದ ದೂರದ ತುದಿಯಲ್ಲಿತ್ತು.

ನನ್ನ ಮನಸ್ಸಿಗೆ ತಟ್ಟನೆ ಹೊಳೆದದ್ದು ನಮ್ಮ ಎಡಚಣ್ಣ. ನನ್ನನ್ನು ದೂರ ಇಟ್ಟ ದಿನ ಅತ್ತೆಯ ಪದರ ಕತ್ತರಿಸಿದವನು ಅವನು. ಒಳ್ಳೆಯ ಕೆಲಸಗಾರ, ಆದರೆ ನೀರಿನಿಂದ ಪದರ ಎತ್ತುವಾಗ ನಾವು ಬಲಗೈಯಲ್ಲಿ ಹಿಡಿಯುವ ಲೇಬಲ್ ತುದಿಯನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಅವನು ಎತ್ತಿದ ತುಂಡು ತಿರುಗುಮುರುಗಾಗಿ ಕೂರುತ್ತದೆ. ನಮ್ಮ ಕೋಣೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ತಮಾಷೆ. ಬಣ್ಣದ ಸ್ಲೈಡನ್ನು ಹಿಂದಿನ ವಾರವೇ ಬೇರೆಯವರು ಎತ್ತಿದ್ದರು, ಅದು ನೆಟ್ಟಗಿತ್ತು. ಪುಟ್ಟಿಗೆ ನನ್ನ ಕೈಯ ಸ್ಲೈಡುಗಳೇ ರೂಢಿ. ಲೇಬಲ್ಲಿಗೆ ಲೇಬಲ್ ಹೊಂದಿಸಿ, ಸುತ್ತು ಬಿದ್ದ ಜಾಗವನ್ನು ಶ್ರದ್ಧೆಯಿಂದ ಕೆರೆದಿದ್ದಾಳೆ.

ಬಿಳಿಯದನ್ನು ತಿರುಗಿಸಿ, ಕಚ್ಚಿಗೆ ಕಚ್ಚು ಸೇರಿಸಿ ಇಟ್ಟೆ. ಖಾಲಿ ಜಾಗ ಈಗ ಆ ತುದಿಯ ಒಳ್ಳೆಯ ಕರುಳಿನ ಮೇಲೆ ಹೋಗಿ ಕೂತಿತು. ಪೆನ್ನಿನ ಸುತ್ತಿನೊಳಗೆ ಕ್ಯಾನ್ಸರ್ ಪೂರ್ತಿ ಹಾಗೆಯೇ ಇತ್ತು, ಬ್ಲೇಡು ಸೋಕಿಯೇ ಇರಲಿಲ್ಲ.

"ಸಿಕ್ಕಿಬಿದ್ದೆ ಪುಟ್ಟಿ!" ಎಂದು ಬಾಯಿಬಿಟ್ಟೇ ಹೇಳಿದೆ. ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಯಿತು. ದೊಡ್ಡ ಡಾಕ್ಟರ ಮುಂದೆ ಹೇಗೆ ಹೇಳಬೇಕು, ಮನೆಯಲ್ಲಿ ಯಾವ ಮಾತಿನಿಂದ ಶುರುಮಾಡಬೇಕು ಎಂದೆಲ್ಲ ಮನಸ್ಸು ಕುಣಿಯತೊಡಗಿತು. ಗಂಡನ ಪೇಪರು ಕಿತ್ತುಕೊಂಡು ಹೇಳಬೇಕು ಎಂದೂ ಅಂದುಕೊಂಡೆ.

ಮತ್ತೆ ಸ್ಲೈಡಿನ ಕಡೆ ನೋಡಿದಾಗ ಲೇಬಲ್ಲಿನ ಮೇಲಿನ ಹೆಸರು ಕಂಡಿತು. ಅತ್ತೆಯ ಹೆಸರು. ಒಳ್ಳೆಯ ಸುದ್ದಿ ಬಂದದ್ದು ಅವರ ಒಳ್ಳೆಯ ಕರುಳಿನಿಂದ. ಗಡ್ಡೆಯನ್ನು ಇನ್ನೂ ಯಾರೂ ಕೇಳಿಯೇ ಇರಲಿಲ್ಲ. ಕೇಳಿದರೆ ಅದು ಏನು ಹೇಳುತ್ತದೋ. ಆ ಸಂತೆ ನೋಡಿದ ನನಗೆ ಅದರ ಉತ್ತರ ಒಳ್ಳೆಯದಿರಲಾರದು ಎನಿಸಿತು. ನಾನು ಪುಟ್ಟಿಯ ಖುಷಿಗೆ ಕೈ ಹಾಕಿದ್ದೆ, ಕಿತ್ತುಬಂದದ್ದು ಅತ್ತೆಯ ಖುಷಿ.

ಕಪಾಟು ಮುಚ್ಚಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸೋಮವಾರ ಆ ಔಷಧಿ ಅವರ ರಕ್ತಕ್ಕೆ ಇಳಿಯುತ್ತದೆ, ಮೈಯೆಲ್ಲ ಗುಳ್ಳೆ ಏಳುತ್ತವೆ, ಅಷ್ಟರಲ್ಲಿ ಯಕೃತ್ತಿನ ಮರಿಗಳು ದೊಡ್ಡವಾಗಿರುತ್ತವೆ. ಹೇಳಿದರೆ ಎಲ್ಲರೂ ಹೊಟ್ಟೆಕಿಚ್ಚು ಎನ್ನುತ್ತಾರೆ. ಅದು ಸುಳ್ಳೆಂದು ಎದೆ ತಟ್ಟಿ ಹೇಳುವ ಹಾಗೂ ಇರಲಿಲ್ಲ.

ಪುಟ್ಟಿ ಕ್ಯಾಂಟೀನಿನಿಂದ ಬಂದಳು. "ಅಕ್ಕಾ, ಊಟಕ್ಕೆ ಬರಲೇ ಇಲ್ವಲ್ಲ?" ಎಂದು ನಗುತ್ತಾ ಬಂದವಳು ದೀಪದ ಪೆಟ್ಟಿಗೆ ನೋಡಿದಳು. ಬಿಳಿಯ ಸ್ಲೈಡನ್ನು ಒಮ್ಮೆ ಅವಳು ಇಟ್ಟಂತೆ ಇಟ್ಟೆ, ಇನ್ನೊಮ್ಮೆ ತಿರುಗಿಸಿ ಇಟ್ಟೆ. ಅವಳು ಬಗ್ಗಿ ಎರಡೂ ಕಚ್ಚುಗಳನ್ನು ನೋಡಿದಳು.

"ಆಕಾರ ನೋಡು ಅಂತ ಎಷ್ಟು ಸಲ ಹೇಳಿದ್ದೆ?"

"ಕಾಣಿಸಲಿಲ್ಲ ಅಕ್ಕ." ಅವಳ ದನಿ ಕೇಳಿಸದಷ್ಟು ಸಣ್ಣಗಾಗಿತ್ತು. "ಲೇಬಲ್ ಮೇಲೆ ಅತ್ತೆ ಹೆಸರು ನೋಡಿದ ತಕ್ಷಣ ಕಣ್ಣೆಲ್ಲ ಮಂಜಾಯ್ತು. ಕನ್ನಡಕ ಒದ್ದೆ ಆಯ್ತು ಅಂತ ತೆಗೆದಿಟ್ಟೆ. ಲೇಬಲ್ಲೊಂದೇ ಕಂಡಿದ್ದು."

ಅಲ್ಲಿಯೂ ನನಗೆ ಚುರ್ ಎಂದಿತು. ಅತ್ತೆಗೆ ಕ್ಯಾನ್ಸರ್ ಎಂದು ತಿಳಿದ ದಿನ ನಾನು ಅತ್ತಿರಲಿಲ್ಲ, ಹಾಸಿಗೆಯ ಹೊದಿಕೆಗಳನ್ನು ಒಗೆಯಲು ಹಾಕಿದ್ದೆ. ಇವಳಿಗೆ ಬರೀ ಹೆಸರು ನೋಡಿದರೆ ಅಳು ಬರುತ್ತದೆ. ಕಣ್ಣೀರಿನಲ್ಲೂ ಇವಳದೇ ಮೇಲುಗೈ ಎಂದು ಹೊಟ್ಟೆ ಉರಿದುಕೊಂಡವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

"ಅಳೋದು ಆಮೇಲೆ. ನಡಿ, ದೊಡ್ಡ ಡಾಕ್ಟರಿಗೆ ಹೇಳೋಣ" ಎಂದೆ.

"ನಾನೇ ಹೇಳ್ತೀನಿ ಅಕ್ಕ. ತಪ್ಪು ನಂದು."

ಹೇಳಿದಳು. ಒಂದು ಮಾತೂ ಮುಚ್ಚಿಡಲಿಲ್ಲ, ಎಡಚಣ್ಣನ ಕಡೆ ಬೆರಳೂ ತೋರಿಸಲಿಲ್ಲ. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಯಮ ಪಕ್ಕಕ್ಕಿಡಿ, ಪದರ ನೀವೇ ಕತ್ತರಿಸಿಕೊಡಿ ಎಂದು ನನಗೆ ಹೇಳಿದರು. ನಾನು ಹೊಸ ಪದರಗಳನ್ನು ನೀರಿನಿಂದ ಎತ್ತಿಕೊಟ್ಟೆ. ಪುಟ್ಟಿ ಕಚ್ಚಿಗೆ ಕಚ್ಚು ಹೊಂದಿಸಿ ಕೆರೆದಳು. ನಾನು ಅವಳ ಹೆಗಲ ಹಿಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೆ. ಈ ಸಲ ಅವಳ ಕೈ ನಡುಗಲಿಲ್ಲ.

ಮೆಶೀನಿನಿಂದ ಉತ್ತರ ಬಂತು. ಸುದ್ದಿ ಮುಟ್ಟಿಸುವ ಆಳು ಕೆಟ್ಟಿದ್ದ. ಒಂದೇ ಒಂದು ಅಕ್ಷರ ಬದಲಾಗಿತ್ತು, ಅಷ್ಟಕ್ಕೇ ಅವನು ಯಾರ ಮಾತೂ ಕೇಳದೆ ಹಗಲೂ ರಾತ್ರಿ 'ಬೆಳಿ' ಎಂದು ಬಡಿದುಕೊಳ್ಳುತ್ತಿದ್ದ. ಬೆಳೆಯುವ ಜೀನ್‌ಗಳೆಲ್ಲ ಬಾಯಿ ತೆರೆದಿದ್ದವು, ಲೋಳೆಯ ಜೀನ್‌ಗಳ ಸದ್ದೇ ಇರಲಿಲ್ಲ. ಕಿವಿ ಮುಚ್ಚುವ ಔಷಧಿ ಇನ್ನು ಬೇಡ. ಬೇರೆ ಔಷಧಿಗಳಿವೆ, ಅವುಗಳ ದಾರಿ ಒರಟು.

ನಾನು ಗೆದ್ದಿದ್ದೆ. ಪುಟ್ಟಿ ತಪ್ಪು, ನಾನು ಸರಿ ಎಂದು ಮೆಶೀನೇ ಹೇಳಿತ್ತು. ಆ ಗೆಲುವನ್ನು ಯಾರಾದರೂ ವಾಪಸು ತೆಗೆದುಕೊಳ್ಳುವುದಾದರೆ ಕಾಲು ಹಿಡಿದು ಕೊಟ್ಟುಬಿಡುತ್ತಿದ್ದೆ.

ಸಂಜೆ ಇಬ್ಬರೂ ಒಟ್ಟಿಗೆ ಅತ್ತೆಯ ಕೋಣೆಗೆ ಹೋದೆವು. ಒಳ್ಳೆಯ ಸುದ್ದಿಗೆಂದು ಮೈದುನ ತಂದಿದ್ದ ಕೇಕಿನ ಡಬ್ಬಿ ಇನ್ನೂ ಕಿಟಕಿಯ ಹತ್ತಿರವೇ ಇತ್ತು. ಪುಟ್ಟಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, "ಅಕ್ಕ ನೋಡದೇ ಇದ್ದಿದ್ರೆ ಸೋಮವಾರ..." ಎಂದವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಓಡಿದಳು.

ಅತ್ತೆ ಬಹಳ ಹೊತ್ತು ಹೊದಿಕೆಯ ಅಂಚನ್ನು ಮಡಚುತ್ತಾ ಕೂತಿದ್ದರು. ಅವರ ಮುಖ ಒಂದೇ ಗಳಿಗೆಯಲ್ಲಿ ಹತ್ತು ವರ್ಷ ಹಳೆಯದಾಗಿತ್ತು. ನಾನು ಗೋಡೆಗೆ ಒರಗಿ ನಿಂತೆ. ಹೊಟ್ಟೆಕಿಚ್ಚಿಗೆ ಮಾಡಿದೆ ಎಂದರೆ ಹೌದು ಎಂದುಬಿಡೋಣ ಎಂದು ತೀರ್ಮಾನಿಸಿದ್ದೆ.

"ಎಷ್ಟು ಬೇಗ ಹುಡುಕಿದೆ?" ಎಂದು ಕೇಳಿದರು.

"ಮಾರನೇ ದಿನವೇ."

"ನಾನು ಎರಡು ಮೂರು ದಿನವಾದ್ರೂ ಆಗತ್ತೆ ಅಂದ್ಕೊಂಡಿದ್ದೆ."

ನನಗೆ ಅರ್ಥವಾಗಲಿಲ್ಲ. ಅತ್ತೆ ಕಿವಿಯ ಹಿಂದಿನ ಕೆಂಪು ಪೆನ್ಸಿಲ್ ತೆಗೆದು ಬೆರಳುಗಳ ನಡುವೆ ಉರುಳಿಸಿದರು.

"ನಮ್ಮ ಪ್ರೆಸ್ಸಿನ ಮಾಲೀಕರು ಒಂದು ಪದ್ಧತಿ ಇಟ್ಟಿದ್ರು. ಬರೆದವರ ಮೇಲೆ ಯಾರಿಗೆ ಸ್ವಲ್ಪ ಸಿಟ್ಟಿದ್ಯೋ ಅವರ ಕೈಗೇ ಕರಡು ಕೊಡ್ತಿದ್ರು. ಪ್ರೀತಿ ಇರೋರ ಕಣ್ಣಿಗೆ ತಪ್ಪು ಕಾಣಲ್ಲ, ಓದಿಕೊಂಡು ಹೋಗಿಬಿಡ್ತಾರೆ. ನನ್ನ ಪರೀಕ್ಷೇನ ನಿನ್ನ ಕೈಗೇ ಕೊಟ್ಟಿದ್ರೆ, ನೀನು ಮಾಡಿದ್ದನ್ನ ತಿದ್ದೋರು ಆ ಆಸ್ಪತ್ರೇಲಿ ಯಾರಿದ್ರು? ಪುಟ್ಟಿ ತಿದ್ತಾಳಾ? ಅಕ್ಕ ಮಾಡಿದ್ದು ಅಂತ ಕಣ್ಣು ಮುಚ್ಚಿ ಸಹಿ ಹಾಕ್ತಾಳೆ. ಅವಳು ಮಾಡಿದ್ರೆ?" ಅತ್ತೆ ನನ್ನ ಕಡೆ ನೋಡಿದರು. "ನೀನು ಬಿಡ್ತೀಯಾ?"

ನಾನು ಗೋಡೆ ಬಿಟ್ಟು ನೆಟ್ಟಗೆ ನಿಂತೆ.

"ಅದಕ್ಕೇ ನೀನು ಬೇಡ ಅಂದೆ. ನಿನ್ನ ಮುಂದೇನೇ ಅಂದೆ, ಚೆನ್ನಾಗಿ ಉರೀಲಿ ಅಂತ. ಜೀವ ನನ್ನದಲ್ವಾ, ದೊಡ್ಡವಳೇ?"

ಅದುವರೆಗೆ ಬಾರದಿದ್ದ ಅಳು ಆಗ ಬಂತು. ಹೊದಿಕೆ ಒಗೆಯಲು ಹಾಕುವ ನೆಪವೂ ಇರಲಿಲ್ಲ, ಅಲ್ಲೇ ನಿಂತು ಮಕ್ಕಳಂತೆ ಅತ್ತುಬಿಟ್ಟೆ. ಅತ್ತೆ ಕೈ ಚಾಚುತ್ತಾರೆ, ಈಗಲಾದರೂ ಆ ಬೊಗಸೆ ನನಗೆ ಎಂದು ಮಂಚದ ಹತ್ತಿರ ಒಂದು ಹೆಜ್ಜೆ ಇಟ್ಟೆ. ಅವರು ಪೆನ್ಸಿಲನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

"ಹೊಸ ಔಷಧೀನ ಯಾರು ಲೆಕ್ಕ ಹಾಕಿ ಬೆರೆಸ್ತಾರೋ, ಅದನ್ನೂ ನೀನು ನೋಡ್ಕೋಬೇಕು. ಈಗ ಹೋಗು, ಪುಟ್ಟಿ ಮೆಟ್ಟಿಲ ಮೇಲೆ ಕೂತು ಅಳ್ತಿರ್ತಾಳೆ, ಪಾಪ. ಕರ್ಕೊಂಡ್ ಬಾ."

ಇಷ್ಟೆಲ್ಲ ಆದಮೇಲೂ ಪಾಪ ಎನ್ನಿಸಿಕೊಂಡವಳು ಅವಳೇ. ಮೈಯೆಲ್ಲ ಮತ್ತೆ ಉರಿಯಿತು. ಮುಖ ಒರೆಸಿಕೊಂಡು ಅವಳನ್ನು ಕರೆಯಲು ಹೋದೆ.